ಕಿಲೋವ್ಯಾಟ್ ಲೆಕ್ಕಕ್ಕೆ ಸಿಗದ ಮನೆಗಳು

ಹಾಸನದ ಸುತ್ತಮುತ್ತ ಮನೆ ವೈರಿಂಗ್ ಕೆಲಸಕ್ಕೆ ತೊಡಗಿ ನನಗೆ ಇಪ್ಪತ್ತೆರಡು ವರ್ಷಗಳಾದವು. ಐಟಿಐಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಓದಿ, ಆಮೇಲೆ ಮೇಸ್ತ್ರಿಯೊಬ್ಬರ ಕೈಕೆಳಗೆ ಪೈಪಿನೊಳಗೆ ಸ್ಪ್ರಿಂಗ್ ತೂರಿಸಿ ವೈರು ಎಳೆಯುವುದರಿಂದ ಆರಂಭಿಸಿ, ವೈರ್‌ಮನ್ ಪರ್ಮಿಟ್ ಮತ್ತು ಸೂಪರ್‌ವೈಸರ್ ಪರ್ಮಿಟ್ ಎರಡನ್ನೂ ಪಡೆದುಕೊಂಡೆ. ಆದರೆ ಮನೆ ವೈರಿಂಗ್ ಹೀಗೆಯೇ ಇರಬೇಕೆಂದು ಹೇಳುವ, ಐಎಸ್ 732 ಎಂಬ ಹೆಸರಿನ ಸಂಹಿತೆಯೊಂದಿದೆ ಎಂಬುದು ನನಗೆ ಗೊತ್ತಾದದ್ದು ಕೆಲಸ ಹಿಡಿದು ಎಷ್ಟೋ ವರ್ಷಗಳಾದ ಮೇಲೆ. ಮೇಸ್ತ್ರಿಗಳು ಹೇಳಿದ್ದೇ ನಮಗೆ ಕಾನೂನಾಗಿತ್ತು, ಅವರಿಗೆ ಅವರ ಮೇಸ್ತ್ರಿ ಹೇಳಿದ್ದು ಕಾನೂನಾಗಿತ್ತು.

ನಿಯಮಗಳು ಬದಲಾಗಿಲ್ಲವೆಂದು ನಾನು ಹೇಳುತ್ತಿಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ ಜಾಗಕ್ಕೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದವು, 2023ರಲ್ಲಿ ಅವುಗಳನ್ನೂ ಹೊಸದಾಗಿ ಬರೆಯಲಾಯಿತು. ಐಎಸ್ 732 ಕೂಡ 2019ರಲ್ಲಿ ಪರಿಷ್ಕರಣೆಗೊಂಡಿತು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಕುರಿತ ಐಎಸ್ 3043 ಅದಕ್ಕೆ ಒಂದು ವರ್ಷ ಮೊದಲೇ ಹೊಸ ರೂಪ ಪಡೆಯಿತು. ಕಾಗದದ ಮೇಲೆ ನಾವು ಹಿಂದುಳಿದವರಲ್ಲ. ಆದರೆ ಗೋಡೆ ಕೊರೆದು ವೈರು ಎಳೆಯುವವನ ಕಣ್ಣಿನಿಂದ ನೋಡಿದಾಗ ಈ ನಿಯಮಗಳಲ್ಲಿ ಒಂದು ಅಂಶ ಬುಡಮೇಲಾಗಿ ನಿಂತಂತೆ ನನಗೆ ಕಾಣುತ್ತದೆ. ಅದನ್ನು ಸರಿಪಡಿಸದೆ ಉಳಿದದ್ದನ್ನೆಲ್ಲ ತಿದ್ದಿದರೂ ಪ್ರಯೋಜನ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಆ ಅಂಶ ಯಾವುದೆಂದರೆ, ಕರೆಂಟ್ ಸೋರಿಕೆಯಾದ ಕೂಡಲೇ ಸಂಪರ್ಕ ಕಡಿಯುವ ಆರ್‌ಸಿಸಿಬಿಯನ್ನು ಯಾವ ಮನೆಗೆ ಕಡ್ಡಾಯ ಮಾಡಬೇಕು ಎಂಬುದು. ನಮ್ಮಲ್ಲಿ ಹಲವರು ಇದನ್ನು ಇನ್ನೂ ಇಎಲ್‌ಸಿಬಿ ಎಂದೇ ಕರೆಯುತ್ತಾರೆ. 2010ರ ನಿಯಮ 250 ವೋಲ್ಟ್ ಮೀರದ, 5 ಕಿಲೋವ್ಯಾಟ್‌ಗಿಂತ ಕಡಿಮೆ ಹೊರೆಯ (ಲೋಡಿನ) ಮನೆಗಳನ್ನು ಈ ಕಡ್ಡಾಯದಿಂದ ಹೊರಗಿಟ್ಟಿತ್ತು. ಆ ಮಿತಿ ಅನಂತರ 2 ಕಿಲೋವ್ಯಾಟ್‌ಗೆ ಇಳಿಯಿತು. ಇಳಿದದ್ದು ಒಳ್ಳೆಯದೇ. ಆದರೆ ಮಿತಿಯನ್ನು ಎಷ್ಟಕ್ಕೆ ಇಳಿಸಬೇಕು ಎಂಬುದಕ್ಕಿಂತ ಮೊದಲು, ಅದನ್ನು ಕಿಲೋವ್ಯಾಟ್‌ನಲ್ಲಿ ಅಳೆಯುವುದೇಕೆ ಎಂದು ಕೇಳಬೇಕಾಗಿದೆ. ಷಾಕ್ ಹೊಡೆಯುವುದಕ್ಕೂ ಮನೆಯ ಹೊರೆಗೂ ಸಂಬಂಧವಿಲ್ಲ. ಒಂದೇ ಬಲ್ಬ್ ಉರಿಯುವ ಗುಡಿಸಲಿನಲ್ಲಿ ಬರುವ 230 ವೋಲ್ಟೇ ಮೂರು ಮಹಡಿಯ ಮನೆಯಲ್ಲೂ ಬರುತ್ತದೆ.

ಇದು ಅರ್ಥವಾಗಬೇಕಾದರೆ ನಮ್ಮ ಮನೆಗಳ ಅರ್ತಿಂಗ್ ಹೇಗಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ. ನಮ್ಮ ಭಾಗದಲ್ಲಿ ಕಂಬದಿಂದ ಸಾಮಾನ್ಯ ಮನೆಗೆ ಬರುವುದು ಫೇಸ್ ಮತ್ತು ನ್ಯೂಟ್ರಲ್ ಎರಡೇ ತಂತಿ. ಅರ್ತನ್ನು ಮನೆಯವರೇ ಮಾಡಿಕೊಳ್ಳಬೇಕು. ಗುಂಡಿ ತೋಡಿ, ಎರಡೂವರೆ ಮೀಟರ್ ಉದ್ದದ ಜಿಐ ಪೈಪನ್ನು ಇಳಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿ, ಮೇಲೆ ನೀರು ಹಾಕಲು ಒಂದು ಬಾಯಿ ಬಿಡುವುದು ಹಳೆಯ ಪದ್ಧತಿ. ಉಪ್ಪಿನಿಂದ ಮಣ್ಣಿನ ತಡೆ ಕಡಿಮೆಯಾಗುತ್ತದೆ ಎಂಬುದು ನಿಜ, ಆದರೆ ಅದೇ ಉಪ್ಪು ಕೆಲವು ವರ್ಷಗಳಲ್ಲಿ ಪೈಪನ್ನು ತಿಂದುಹಾಕುತ್ತದೆ ಎಂಬುದೂ ಅಷ್ಟೇ ನಿಜ. ಮೊದಲ ವರ್ಷ ಭಕ್ತಿಯಿಂದ ನೀರು ಹಾಕುವವರು ಮೂರನೆಯ ವರ್ಷ ಆ ಬಾಯಿಯ ಮೇಲೆ ಟೈಲ್ಸ್ ಹಾಕಿಸಿರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ನಮ್ಮ ಜಿಲ್ಲೆಯೊಂದರಲ್ಲೇ ಸಕಲೇಶಪುರದ ಒದ್ದೆ ಮಣ್ಣೂ ಇದೆ, ಅರಸೀಕೆರೆ ಕಡೆಯ ಒಣ ನೆಲವೂ ಇದೆ. ಒಂದೇ ಬಗೆಯ ಪೈಪು, ಅಷ್ಟೇ ಇದ್ದಿಲು, ಅಷ್ಟೇ ಉಪ್ಪು ಹಾಕಿದರೂ ಎರಡು ಕಡೆ ಸಿಗುವ ತಡೆಯ ಓಮ್ ಲೆಕ್ಕ ಬೇರೆ ಬೇರೆ. ಏಪ್ರಿಲ್ ತಿಂಗಳಲ್ಲಿ ಅರಸೀಕೆರೆ ಕಡೆಯ ಒಂದು ಮನೆಯ ಅರ್ತ್ ಪಿಟ್ 40 ಓಮ್ ತೋರಿಸಿದರೆ ನನಗೆ ಆಶ್ಚರ್ಯವೇನೂ ಆಗುವುದಿಲ್ಲ. ಈಗ ಲೆಕ್ಕ ಹಾಕಿ ನೋಡೋಣ. ಫ್ರಿಜ್ಜಿನ ಒಳಗೆ ಫೇಸ್ ತಂತಿ ಸವೆದು ಅದರ ಮೈಗೆ ತಾಗಿತೆಂದುಕೊಳ್ಳಿ. 230 ವೋಲ್ಟನ್ನು 40 ಓಮ್‌ನಿಂದ ಭಾಗಿಸಿದರೆ ಭೂಮಿಗೆ ಹರಿಯುವ ಕರೆಂಟ್ ಆರು ಆಂಪಿಯರ್ ಕೂಡ ಆಗುವುದಿಲ್ಲ. ಆ ಲೈನಿಗೆ ಹಾಕಿರುವ ಎಂಸಿಬಿ, ಅಂದರೆ ಕರೆಂಟ್ ಮಿತಿಮೀರಿ ಹರಿದರೆ ತಾನಾಗಿ ಬೀಳುವ ಸ್ವಿಚ್, 16 ಆಂಪಿಯರಿನದು. ಅದು ಸಿ ಬಗೆಯದಾಗಿದ್ದರೆ ತಕ್ಷಣ ಬೀಳಬೇಕಾದರೆ 80ರಿಂದ 160 ಆಂಪಿಯರ್‌ವರೆಗೆ ಹರಿಯಬೇಕು. ಆರು ಆಂಪಿಯರನ್ನು ಅದು ಮನೆಯ ಮಾಮೂಲಿ ಬಳಕೆ ಎಂದೇ ತಿಳಿಯುತ್ತದೆ. ಎಂಸಿಬಿ ಬೀಳುವುದಿಲ್ಲ, ಫ್ರಿಜ್ಜಿನ ಮೈಯಲ್ಲಿ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ಕುಳಿತಿರುತ್ತದೆ, ಅರ್ತ್ ಮಾಡಿಸಿದ್ದೇವೆಂದು ಮನೆಯವರು ನೆಮ್ಮದಿಯಾಗಿರುತ್ತಾರೆ.

ಆರ್‌ಸಿಸಿಬಿ ನೋಡುವುದು ಕರೆಂಟ್ ಎಷ್ಟು ಹರಿಯಿತೆಂಬುದನ್ನಲ್ಲ, ಹೋದದ್ದು ವಾಪಸು ಬಂದಿತೇ ಎಂಬುದನ್ನು. ಫೇಸ್ ಮತ್ತು ನ್ಯೂಟ್ರಲ್ ಎರಡೂ ಅದರೊಳಗಿನ ಒಂದೇ ಉಂಗುರದ ಮೂಲಕ ಹಾದುಹೋಗುತ್ತವೆ. ಎರಡರ ನಡುವೆ 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಬಂದರೆ ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಸಂಪರ್ಕ ಕಡಿಯುತ್ತದೆ, ವ್ಯತ್ಯಾಸ ದೊಡ್ಡದಾದಷ್ಟೂ ಇನ್ನೂ ಬೇಗ ಕಡಿಯುತ್ತದೆ. ಅರ್ತ್ ಪಿಟ್ ಕೆಟ್ಟು ಸಾವಿರ ಓಮ್ ಆಗಿದ್ದರೂ ಸೋರುವ ಕರೆಂಟ್ 230 ಮಿಲಿ ಆಂಪಿಯರ್ ಇರುತ್ತದೆ, ಅಂದರೆ ಬೇಕಾದದ್ದಕ್ಕಿಂತ ಏಳು ಪಟ್ಟಿಗೂ ಹೆಚ್ಚು. ಅರ್ತೇ ಇಲ್ಲದ ಮನೆಯಲ್ಲಿ ಮನುಷ್ಯನ ಮೈ ಮೂಲಕ ಸೋರಿದಾಗಲಾದರೂ ಅದು ಬೀಳುತ್ತದೆ. ಷಾಕ್ ತಿಳಿಯುವುದೇ ಇಲ್ಲ ಎಂದಲ್ಲ, ಚೆನ್ನಾಗಿಯೇ ತಿಳಿಯುತ್ತದೆ, ಆದರೆ ಕೈ ಅಲ್ಲೇ ಅಂಟಿಕೊಂಡು ಉಳಿಯುವುದಿಲ್ಲ. ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದು ಕೈಯಲ್ಲಿ ನ್ಯೂಟ್ರಲ್ಲನ್ನೂ ಹಿಡಿದವನನ್ನು ಮಾತ್ರ ಅದು ಕಾಪಾಡಲಾರದು. ಆ ಮಿತಿಯನ್ನೂ ಗಿರಾಕಿಗಳಿಗೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಒಬ್ಬರು ಸ್ನಾನದ ಮನೆಯ ನಲ್ಲಿ ಮುಟ್ಟಿದರೆ ಜುಂ ಎನ್ನುತ್ತದೆ ಎಂದು ನನ್ನನ್ನು ಕರೆಸಿದರು. ಗೀಸರಿನ ಕಾಯಿಲ್‌ನ ಕವಚ ನಡುವೆ ಎಲ್ಲೋ ಬಿರುಕು ಬಿಟ್ಟು ನೀರಿಗೆ ಕರೆಂಟ್ ಇಳಿಯುತ್ತಿತ್ತು. ಅರ್ತ್ ವೈರು ತನ್ನ ಕೆಲಸ ಮಾಡುತ್ತಲೇ ಇತ್ತು, ಪಿಟ್ ಒಣಗಿತ್ತು, 20 ಆಂಪಿಯರಿನ ಎಂಸಿಬಿ ಅಲುಗಾಡದೆ ಕುಳಿತಿತ್ತು. ಆ ಮನೆಯ ಯಜಮಾನರು ಬಿಲ್ಲು ಜಾಸ್ತಿ ಬರುತ್ತಿರುವುದನ್ನು ಗಮನಿಸಿದ್ದರು, ಆದರೆ ಮೀಟರೇ ಸರಿಯಿಲ್ಲವೆಂದು ಭಾವಿಸಿದ್ದರು. ಆ ದಿನ ಅವರ ಮನೆಗೆ ಆರ್‌ಸಿಸಿಬಿ ಹಾಕಿ ಬಂದೆ. ಗೀಸರ್ ಬದಲಿಸುವ ಮೊದಲು ಅದನ್ನು ಆನ್ ಮಾಡಿದಾಗ ಆರ್‌ಸಿಸಿಬಿ ಟಪ್ ಎಂದು ಬಿದ್ದದ್ದನ್ನು ಅವರಿಗೆ ತೋರಿಸಿದೆ. ಅದಕ್ಕಿಂತ ಚೆನ್ನಾಗಿ ವಿವರಿಸುವ ಮಾತು ನನ್ನಲ್ಲಿರಲಿಲ್ಲ.

ಆ ಮನೆಯ ಮಂಜೂರಾದ ಹೊರೆ 3 ಕಿಲೋವ್ಯಾಟ್. ಈಗಿನ ನಿಯಮದ ಪ್ರಕಾರ ಅಂಥ ಮನೆಗೆ ರಕ್ಷಣೆ ಕಡ್ಡಾಯ. ನನಗೆ ಹೆಚ್ಚು ಯೋಚನೆಯಾಗುವುದು ಅದಕ್ಕಿಂತ ಕೆಳಗಿನವರದು. ನಮ್ಮ ರಾಜ್ಯದಲ್ಲಿ ಭಾಗ್ಯಜ್ಯೋತಿ ಯೋಜನೆಯಡಿ ಬಡ ಕುಟುಂಬಗಳಿಗೆ ಒಂದು ದೀಪದ ಸಂಪರ್ಕ ಕೊಟ್ಟದ್ದು ದೊಡ್ಡ ಕೆಲಸವೇ. ಆದರೆ ಕಾಗದದಲ್ಲಿ ಒಂದೇ ದೀಪವಿರುವ ಆ ಮನೆಗಳಲ್ಲಿ ಈಗ ಟಿವಿ ಇದೆ, ಮಿಕ್ಸಿ ಇದೆ, ಬಕೆಟ್ಟಿಗೆ ಇಳಿಬಿಡುವ ನೀರು ಕಾಯಿಸುವ ಕಾಯಿಲ್ ಇದೆ. ಛಾವಣಿ ಶೀಟಿನದು, ಸ್ನಾನಕ್ಕೆ ಹೊರಗಿನ ಕಲ್ಲುಚಪ್ಪಡಿ, ಕಂಬದಿಂದ ಬಂದ ಸರ್ವಿಸ್ ವೈರು ಶೀಟಿನ ಅಂಚಿಗೆ ಉಜ್ಜುತ್ತಿರುತ್ತದೆ, ಅದೇ ಶೀಟಿನ ಕೊಕ್ಕೆಯಿಂದ ಬಟ್ಟೆ ಒಣಗಿಸುವ ತಂತಿ ಎಳೆದಿರುತ್ತಾರೆ. ಮಳೆಗಾಲದಲ್ಲಿ ಬಟ್ಟೆ ಹಾಕಲು ಹೋದ ಹೆಂಗಸಿಗೆ ತಂತಿಯಿಂದ ಷಾಕ್ ಹೊಡೆದ ಸುದ್ದಿಯನ್ನು ಓದದ ವರ್ಷ ನನ್ನ ನೆನಪಿನಲ್ಲಿಲ್ಲ. ಇಂಥ ಮನೆಗಳಲ್ಲಿ ಅರ್ತ್ ಪಿಟ್ ಇರುವುದಿಲ್ಲ, ಇದ್ದರೂ ಹೆಸರಿಗಷ್ಟೇ. ಯಾರಿಗೆ ಅರ್ತ್ ಇಲ್ಲವೋ ಅವರಿಗೇ ಆರ್‌ಸಿಸಿಬಿ ಎಲ್ಲರಿಗಿಂತ ಹೆಚ್ಚು ಬೇಕು, ನಿಯಮ ಬಿಟ್ಟುಕೊಟ್ಟಿರುವುದೂ ಅವರನ್ನೇ. ದೇಶದಲ್ಲಿ ವಿದ್ಯುತ್ ತಗುಲಿ ಸಾಯುವವರ ಸಂಖ್ಯೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಇತ್ತೀಚಿನ ವಾರ್ಷಿಕ ವರದಿಗಳಲ್ಲಿ ಹನ್ನೆರಡು ಸಾವಿರವನ್ನು ದಾಟಿರುತ್ತದೆ. ಅವರಲ್ಲಿ ಎಷ್ಟೋ ಜನ ಹೊಲದಲ್ಲಿ, ಕಂಬದ ಮೇಲೆ, ಮುರಿದುಬಿದ್ದ ಲೈನಿನಿಂದ ಸತ್ತವರು, ಮನೆಯ ಆರ್‌ಸಿಸಿಬಿ ಅವರನ್ನು ಉಳಿಸುತ್ತಿರಲಿಲ್ಲ. ಉಳಿಸಬಹುದಾಗಿದ್ದವರ ಬಗ್ಗೆ ನಾನು ಹೇಳುತ್ತಿದ್ದೇನೆ.

ಬಡವರ ಮೇಲೆ ಖರ್ಚು ಹೇರಬಾರದೆಂಬುದು ಈ ವಿನಾಯಿತಿಯ ಹಿಂದಿನ ಕಾರಣವಿರಬಹುದು. ಒಳ್ಳೆಯ ಎರಡು ಪೋಲಿನ ಆರ್‌ಸಿಸಿಬಿ ಒಂದಕ್ಕೆ ಅಂಗಡಿಯಲ್ಲಿ ಒಂದೂವರೆ ಸಾವಿರದಿಂದ ಎರಡೂವರೆ ಸಾವಿರ ರೂಪಾಯಿ ಆಗುತ್ತದೆ, ಕೂಲಿ ಮಾಡುವ ಮನೆಗೆ ಅದು ಸಣ್ಣ ಮೊತ್ತವಲ್ಲ. ಆದರೆ ಅಂಥ ಮನೆಗೆ ಮೀಟರು, ಸರ್ವಿಸ್ ವೈರು, ಬಲ್ಬ್ ಹೋಲ್ಡರನ್ನು ಯೋಜನೆಯ ಹಣದಲ್ಲಿ ಕೊಡಲು ಸಾಧ್ಯವಾದರೆ, ಮೀಟರ್ ಬೋರ್ಡಿನಲ್ಲೇ ಒಂದು ಆರ್‌ಸಿಸಿಬಿ ಕೂರಿಸಿ ಕೊಡಲೂ ಸಾಧ್ಯವಿದೆ. ಸಾವಿರಾರು ಸಂಖ್ಯೆಯಲ್ಲಿ ಕೊಳ್ಳುವವರಿಗೆ ಅಂಗಡಿಯ ದರವೂ ಇರುವುದಿಲ್ಲ. ಗೃಹಜ್ಯೋತಿಯಲ್ಲಿ ಕರೆಂಟನ್ನೇ ಉಚಿತವಾಗಿ ಕೊಡುತ್ತಿರುವ ರಾಜ್ಯಕ್ಕೆ ಇದು ಭಾರವಾಗಲಾರದೆಂದು ನನಗನ್ನಿಸುತ್ತದೆ.

ಎರಡನೆಯ ಆಕ್ಷೇಪ ನನ್ನ ಸಹೋದ್ಯೋಗಿಗಳದೇ, ಮತ್ತು ಅದು ಹಗುರವಾಗಿ ತಳ್ಳಿಹಾಕುವಂಥದಲ್ಲ. ಆರ್‌ಸಿಸಿಬಿ ಹಾಕಿದ ಮನೆಯಿಂದ ಮಳೆಗಾಲದಲ್ಲಿ ರಾತ್ರಿ ಹತ್ತು ಗಂಟೆಗೆ ಫೋನು ಬರುತ್ತದೆ. ಗೇಟಿನ ದೀಪದೊಳಗೆ ನೀರು ಇಳಿದಿರುತ್ತದೆ, ಇಡೀ ಮನೆ ಕತ್ತಲಾಗಿರುತ್ತದೆ. ಸೋರಿಕೆ ಎಲ್ಲಿದೆ ಎಂದು ಹುಡುಕುವಷ್ಟು ವ್ಯವಧಾನ ಯಾರಿಗೂ ಇಲ್ಲದ್ದರಿಂದ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಒಳಬರುವ ತಂತಿಗಳನ್ನು ಹೊರಹೋಗುವ ತಂತಿಗಳಿಗೆ ನೇರವಾಗಿ ಸೇರಿಸಿ ಹೋಗಿಬಿಡುತ್ತಾರೆ. ಡಬ್ಬಿ ಮಾತ್ರ ಸ್ವಿಚ್ಚುಗಳೆಲ್ಲ ಇರುವ ವಿತರಣಾ ಪೆಟ್ಟಿಗೆಯಾದ ಡಿಬಿಯೊಳಗೆ ಹಾಗೆಯೇ ಕೂತಿರುತ್ತದೆ. ನಾನೂ ಹಿಂದೆ ಒಂದೆರಡು ಮನೆಗಳಲ್ಲಿ ಬೆಳಿಗ್ಗೆ ಬಂದು ಸರಿಮಾಡುತ್ತೇನೆಂದು ಹೀಗೆ ಮಾಡಿದವನೇ, ಬೆಳಿಗ್ಗೆ ಹೋದೆನೇ ಎಂದು ಕೇಳಬೇಡಿ. ಇದಕ್ಕೆ ಪರಿಹಾರ ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಎಂಬ ಕನಿಷ್ಠ ನಿಯಮವನ್ನು ಬಿಟ್ಟು, ಹೊರಗಿನ ದೀಪ ಮತ್ತು ಪಂಪಿಗೆ ಒಂದು, ಸ್ನಾನದ ಮನೆ ಮತ್ತು ಅಡುಗೆಮನೆಗೆ ಒಂದು, ಉಳಿದದ್ದಕ್ಕೆ ಒಂದು ಎಂದು ವಿಂಗಡಿಸುವುದು. ಸಣ್ಣ ಮನೆಗೆ ಒಂದೇ ಸಾಕು. ದೊಡ್ಡ ಮನೆ ಕಟ್ಟುವವರಿಗೆ ಇನ್ನೆರಡು ಡಬ್ಬಿಗಳ ಬೆಲೆ ಗ್ರಾನೈಟಿನ ಲೆಕ್ಕದಲ್ಲಿ ಕಾಣುವುದೂ ಇಲ್ಲ.

ಯುಪಿಎಸ್ ವಿಷಯದಲ್ಲಿ ಮನೆಗಳ ವಾಸ್ತವವನ್ನು ನಿಯಮಗಳು ಇನ್ನೂ ಹಿಡಿದಿಲ್ಲವೆಂಬುದು ನನ್ನ ಅನುಭವ. ಲೋಡ್ ಶೆಡ್ಡಿಂಗ್ ಕಾಲದಿಂದ ನಮ್ಮ ಊರುಗಳಲ್ಲಿ ಯುಪಿಎಸ್ ಇಲ್ಲದ ಮಧ್ಯಮ ವರ್ಗದ ಮನೆ ಅಪರೂಪ. ಒಮ್ಮೆ ನಾನು ಮೇನ್ ಸ್ವಿಚ್ ಆಫ್ ಮಾಡಿ ಫ್ಯಾನ್ ರೆಗ್ಯುಲೇಟರ್ ಬದಲಿಸಲು ಕೈ ಹಾಕಿದಾಗ ಏಣಿಯಿಂದ ಕೆಳಗೆ ಬಿದ್ದೆ. ನಾನು ವೈರಿಂಗ್ ಮಾಡಿದ್ದ ಮನೆಯೇ ಅದು, ನಡುವೆ ಇನ್ನಾರೋ ಬಂದು ಯುಪಿಎಸ್ ಜೋಡಿಸಿ ಹೋಗಿದ್ದರು. ಮೇನ್ ಬಿದ್ದರೂ ಬ್ಯಾಟರಿಯಿಂದ 230 ವೋಲ್ಟ್ ಮನೆಯೊಳಗೆ ಓಡುತ್ತಲೇ ಇರುತ್ತದೆ, ಮೀಟರಿನ ಬಳಿಯ ಆರ್‌ಸಿಸಿಬಿ ಬಿದ್ದರೂ ಯುಪಿಎಸ್ ತನ್ನ ಪಾಡಿಗೆ ಕೊಡುತ್ತಲೇ ಇರುತ್ತದೆ. ಟೆಸ್ಟರ್ ಹಚ್ಚಿ ನೋಡದೆ ಕೈ ಹಾಕಿದ್ದು ನನ್ನ ತಪ್ಪು, ಅದನ್ನು ಒಪ್ಪುತ್ತೇನೆ. ಆದರೆ ಯುಪಿಎಸ್ಸಿನ ಔಟ್‌ಪುಟ್‌ಗೆ ಪ್ರತ್ಯೇಕ ಆರ್‌ಸಿಸಿಬಿ ಮತ್ತು ಪ್ರತ್ಯೇಕ ಸ್ವಿಚ್ ಇರಬೇಕು, ಡಿಬಿಯ ಮುಚ್ಚಳದ ಮೇಲೆ ಈ ಮನೆಗೆ ಎರಡು ಕಡೆಯಿಂದ ಕರೆಂಟ್ ಬರುತ್ತದೆ ಎಂದು ಕನ್ನಡದಲ್ಲಿ ಬರೆದಿರಬೇಕು ಎಂದು ಯುಪಿಎಸ್ ಮಾರುವವರ ಮೇಲೆಯೇ ಹೊಣೆ ಹಾಕಬೇಕು. ಈಗ ಛಾವಣಿಯ ಮೇಲೆ ಸೌರ ಫಲಕಗಳೂ ಬರುತ್ತಿರುವುದರಿಂದ ಈ ಗೊಂದಲ ಕಡಿಮೆಯಾಗುವ ಲಕ್ಷಣವಿಲ್ಲ.

ಪಾಯಿಂಟ್‌ಗಳ ಲೆಕ್ಕವೂ ಕಾಲಕ್ಕೆ ತಕ್ಕಂತೆ ಬದಲಾಗಬೇಕಾದದ್ದು. ಒಂದು ಲೈಟಿಂಗ್ ಸರ್ಕ್ಯೂಟಿನಲ್ಲಿ ದೀಪ, ಫ್ಯಾನು, 6 ಆಂಪಿಯರಿನ ಸಾಕೆಟ್ ಎಲ್ಲ ಸೇರಿ ಹತ್ತು ಪಾಯಿಂಟ್, ಹೊರೆ 800 ವ್ಯಾಟ್ ಮೀರಬಾರದು ಎಂಬ ಮಾತನ್ನು ನಾವೆಲ್ಲ ಐಟಿಐಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅರವತ್ತು, ನೂರು ವ್ಯಾಟಿನ ಬಲ್ಬುಗಳ ಕಾಲಕ್ಕೆ ಅದು ಸರಿಯಾದ ಲೆಕ್ಕ. ಇಂದು ಹತ್ತು ಎಲ್‌ಇಡಿ ಬಲ್ಬು ಸೇರಿದರೂ ನೂರು ವ್ಯಾಟ್ ಆಗುವುದಿಲ್ಲ. ಅದೇ ಸರ್ಕ್ಯೂಟಿನ ಸಾಕೆಟ್ಟಿಗೆ 750 ವ್ಯಾಟಿನ ಮಿಕ್ಸಿ, 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ, 1500 ವ್ಯಾಟಿನ ಕೆಟಲ್ ಬಂದು ಕೂರುತ್ತವೆ. ದೀಪಗಳು ತಗ್ಗಿದವು, ಸಾಕೆಟ್‌ಗಳು ಉಬ್ಬಿದವು, ಇವೆರಡನ್ನೂ ಒಂದೇ ಪಾಯಿಂಟ್ ಎಂದು ಎಣಿಸುವುದು ಮಾತ್ರ ನಿಂತಿಲ್ಲ. ಹಳೆಯ ಮನೆಗಳಲ್ಲಿ ಒಂದು ಚದರ ಮಿಲಿಮೀಟರಿನ ವೈರು, ತಿರುಚಿ ಟೇಪ್ ಸುತ್ತಿದ ಜಾಯಿಂಟು ಇದ್ದಲ್ಲಿ ಗೋಡೆಯೊಳಗೇ ಸುಟ್ಟ ವಾಸನೆ ಬರುತ್ತದೆ. ಸಾಕೆಟ್‌ಗಳನ್ನು ದೀಪಗಳಿಂದ ಬೇರ್ಪಡಿಸಬೇಕು, ಅಡುಗೆಮನೆಗೆ 4 ಚದರ ಮಿಲಿಮೀಟರಿನ ಸ್ವಂತ ಲೈನು ಎಳೆಯುವುದನ್ನು ಕಡ್ಡಾಯ ಮಾಡಬೇಕು.

ಬಣ್ಣದ ಬಗ್ಗೆಯೂ ಒಂದು ಮಾತು. ನಾವು ಗೋಡೆಯೊಳಗೆ ಎಳೆಯುವ ವೈರುಗಳಲ್ಲಿ ಫೇಸ್ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್ ಕಪ್ಪು, ಅರ್ತ್ ಹಸಿರು. ಅಂಗಡಿಯಿಂದ ತಂದ ಸಾಮಾನಿನ ವೈರಿನಲ್ಲಿ ಫೇಸ್ ಕಂದು, ನ್ಯೂಟ್ರಲ್ ನೀಲಿ. ಅಂದರೆ ಗೋಡೆಯೊಳಗೆ ಮುಟ್ಟಬಾರದ ನೀಲಿ ಪ್ಲಗ್ಗಿನೊಳಗೆ ನ್ಯೂಟ್ರಲ್ ಆಗಿರುತ್ತದೆ. ಹೊಸ ಹುಡುಗರಿಗೆ ಇದನ್ನು ವಿವರಿಸುವಾಗ ನನಗೇ ಮುಜುಗರವಾಗುತ್ತದೆ.

ಇಷ್ಟೆಲ್ಲ ತಿದ್ದಿದರೂ ಪರೀಕ್ಷೆ ಮಾಡುವವರಿಲ್ಲದಿದ್ದರೆ ಏನಾಗುತ್ತದೆಂದು ನನಗೆ ಗೊತ್ತು. ಸಂಪರ್ಕ ಪಡೆಯುವ ಮೊದಲು ಪರವಾನಗಿ ಪಡೆದ ಗುತ್ತಿಗೆದಾರರು ಸಹಿ ಹಾಕಿದ ಕಂಪ್ಲೀಷನ್ ರಿಪೋರ್ಟ್ ಕೊಡಬೇಕು. ನಾನು ಕೆಲಸ ಮಾಡಿದ ಒಂದು ಮನೆಗೆ ಸಹಿ ಹಾಕಿದವರು ಆ ಮನೆಯ ಬಾಗಿಲು ಯಾವ ದಿಕ್ಕಿಗಿದೆಯೆಂದೂ ನೋಡಿದವರಲ್ಲ. ರಿಪೋರ್ಟಿನಲ್ಲಿ ಅರ್ತ್ ರೆಸಿಸ್ಟೆನ್ಸ್ ಇಷ್ಟು ಓಮ್, ಇನ್ಸುಲೇಷನ್ ಇಷ್ಟು ಮೆಗಾ ಓಮ್ ಎಂದು ಅಚ್ಚುಕಟ್ಟಾಗಿ ತುಂಬಲಾಗಿತ್ತು, ಇನ್ಸುಲೇಷನ್ ಅಳೆಯುವ ಮೆಗ್ಗರ್ ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಐದು ವರ್ಷ ಮೀರದಂತೆ ಒಮ್ಮೆ ಬಳಕೆದಾರನ ವೈರಿಂಗನ್ನು ಪರೀಕ್ಷಿಸಬೇಕೆಂಬ ಮಾತು 1956ರ ನಿಯಮಗಳಲ್ಲೇ ಇತ್ತು. ಈಗ ಸಣ್ಣ ಸಂಪರ್ಕಗಳಿಗೆ ಮಾಲೀಕರೇ ಸ್ವಯಂ ದೃಢೀಕರಣ ಕೊಟ್ಟರೆ ಸಾಕೆಂದಾಗಿದೆ. ಮನೆಯಾತ ಏನನ್ನು ನೋಡಿ ದೃಢೀಕರಿಸಬೇಕು? ಇಂಗ್ಲೆಂಡಿನಲ್ಲಿ 2020ರಿಂದ ಬಾಡಿಗೆ ಮನೆಗಳ ವೈರಿಂಗನ್ನು ಐದು ವರ್ಷಕ್ಕೊಮ್ಮೆ ಅರ್ಹರಿಂದ ಪರೀಕ್ಷಿಸಿ ವರದಿಯನ್ನು ಬಾಡಿಗೆದಾರರಿಗೆ ಕೊಡುವುದು ಕಡ್ಡಾಯವಾಗಿದೆ. ನಮ್ಮಲ್ಲಿ ಎಲ್ಲ ಮನೆಗಳಿಗೂ ಇದನ್ನು ತರುವುದು ಆಗದ ಮಾತು, ಅಷ್ಟು ಜನ ನಾವಿಲ್ಲ. ಬಾಡಿಗೆ ಕರಾರು ಹೊಸದಾಗಿ ಆಗುವಾಗ, ಖಾತೆ ಬದಲಾಗಿ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರಿನ ಹೆಸರು ಬದಲಾಗುವಾಗ ಒಮ್ಮೆ ಅಳೆದು ಬರೆದ ಸಂಖ್ಯೆ ಕೇಳಿದರೂ ಸಾಕು. ಸಹಿಯ ಬದಲು ಉಪಕರಣದ ಪರದೆಯ ಫೋಟೋ ಕೇಳಿದರೆ ಅರ್ಧ ಸುಳ್ಳುಗಳು ಅಲ್ಲೇ ನಿಲ್ಲುತ್ತವೆ.

ನಮ್ಮ ಕೂಲಿಯೂ ಈ ವಿಷಯದಿಂದ ಹೊರಗಲ್ಲ. ವೈರಿಂಗಿಗೆ ಪಾಯಿಂಟ್ ಲೆಕ್ಕದಲ್ಲಿ ಹಣ ಕೊಡುತ್ತಾರೆ, ಅಳೆಯುವುದಕ್ಕೆ ಯಾರೂ ಕೊಡುವುದಿಲ್ಲ. ಅರ್ತ್ ಟೆಸ್ಟರ್ ಮತ್ತು ಮೆಗ್ಗರ್ ಕೊಳ್ಳಲು ನಾನು ಎರಡು ವರ್ಷ ಹಣ ಕೂಡಿಸಿದ್ದೆ. ಪರೀಕ್ಷೆಗೂ ಒಂದು ದರವನ್ನು ನಿಗದಿ ಮಾಡಿ, ಸಂಹಿತೆಯ ಮನೆ ವೈರಿಂಗಿಗೆ ಸಂಬಂಧಿಸಿದ ಭಾಗಗಳನ್ನಾದರೂ ಕನ್ನಡದಲ್ಲಿ, ಚಿತ್ರಗಳೊಂದಿಗೆ, ಪರ್ಮಿಟ್ ಕೊಡುವಾಗಲೇ ಕೈಗಿಟ್ಟರೆ, ನಾನು ಹತ್ತು ವರ್ಷ ತಡವಾಗಿ ಕಲಿತದ್ದನ್ನು ಮುಂದಿನ ಹುಡುಗರು ಮೊದಲ ದಿನವೇ ಕಲಿಯಬಹುದು.

ನಿಯಮ ಬರುವವರೆಗೆ ನಾನೊಂದು ರೂಢಿ ಇಟ್ಟುಕೊಂಡಿದ್ದೇನೆ. ಕೆಲಸ ಮುಗಿದ ದಿನ ಡಿಬಿಯ ಬಾಗಿಲಿನ ಒಳಮೈಯಲ್ಲಿ ಅಳಿಸದ ಪೆನ್ನಿನಿಂದ ತಾರೀಖು, ಅರ್ತ್ ಪಿಟ್ಟಿನ ಓಮ್, ಆರ್‌ಸಿಸಿಬಿ ಟೆಸ್ಟ್ ಬಟನ್ ಒತ್ತಿದಾಗ ಬಿತ್ತೇ ಎಂಬುದನ್ನು ಬರೆಯುತ್ತೇನೆ. ಕಳೆದ ಬೇಸಿಗೆಯಲ್ಲಿ ಆರು ವರ್ಷದ ಹಿಂದೆ ವೈರಿಂಗ್ ಮಾಡಿದ್ದ ಮನೆಯೊಂದಕ್ಕೆ ಹೋಗಿದ್ದೆ. ಬಾಗಿಲ ಮೇಲೆ 9 ಎಂದು ನನ್ನದೇ ಅಕ್ಷರದಲ್ಲಿತ್ತು, ಅಂದು ಅಳೆದರೆ 34 ಬಂತು. ಮನೆಯ ಅಜ್ಜಿ ಎರಡೂ ಸಂಖ್ಯೆಗಳನ್ನು ನೋಡಿ, ‘ಏನಪ್ಪ, ಜಾಸ್ತಿ ಬಂದ್ರೆ ಒಳ್ಳೇದಾ?’ ಎಂದು ಕೇಳಿದರು. ಅಲ್ಲ ಅಜ್ಜಿ ಎಂದು ಹೇಳಿ, ಪಿಟ್ಟಿನ ಬಾಯಿ ಎಲ್ಲಿ ಹೋಯಿತೆಂದು ಹುಡುಕತೊಡಗಿದೆ. ಅದು ತುಳಸಿಕಟ್ಟೆಯ ಹೊಸ ಸಿಮೆಂಟಿನ ಕೆಳಗಿತ್ತು.